ಕಂಟ್ರೋಲರಿನ ಕಂಪನ: ಅಪ್ಪನಿಗೆ ಬೇಕು, ಮಗನಿಗೆ ಬೇಡ

ಪ್ರಶ್ನೆ: ನಾವು ಮೂಲತಃ ಕುಂದಾಪುರದ ಕಡೆಯವರು, ಮುಂಬೈ ಬಳಿಯ ಡೊಂಬಿವಲಿಯಲ್ಲಿ ನೆಲೆಸಿ ಬಹಳ ವರ್ಷಗಳಾದವು. ಮನೆಯಲ್ಲಿ ಒಂದು ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್ ಇದೆ. ರಜೆಯ ದಿನ ನಾನು ಕಾರ್ ರೇಸಿನ ಗೇಮ್ ಆಡುತ್ತೇನೆ; ಕೈಯಲ್ಲಿರುವ ಕಂಟ್ರೋಲರ್ ನಡುಗದಿದ್ದರೆ ನನಗೆ ಆಡಿದಂತೆಯೇ ಆಗುವುದಿಲ್ಲ. ಕಾಲೇಜಿಗೆ ಹೋಗುವ ಮಗ ಶೂಟಿಂಗ್ ಗೇಮ್ ಆಡುವವನು. ವೈಬ್ರೇಷನ್ ಇದ್ದರೆ ಗುರಿ ತಪ್ಪುತ್ತದೆಂದು ಅದನ್ನು ಪೂರ್ತಿ ಆಫ್ ಮಾಡಿಡುತ್ತಾನೆ. ಇದೇ ವಿಷಯಕ್ಕೆ ದಿನವೂ ತಕರಾರು. ಅವನ ಮಾತಿನಲ್ಲಿ ಹುರುಳಿದೆಯೇ? ಗಂಟೆಗಟ್ಟಲೆ ಈ ನಡುಕ ಕೈಗೆ ಒಳ್ಳೆಯದಲ್ಲ ಎಂಬುದು ನನ್ನ ಹೆಂಡತಿಯ ಚಿಂತೆ. ಇನ್ನೊಂದು ಕಂಟ್ರೋಲರ್ ಕೊಳ್ಳುವ ವಿಚಾರವೂ ಇದೆ. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕಡಿಮೆ ಬೆಲೆಗೆ ಸಿಗುವುದನ್ನು ತರಬಹುದೇ?

ಉತ್ತರ: ನಿಮ್ಮ ಮಗ ಹೇಳುವುದು ಅವನ ಆಟದ ಮಟ್ಟಿಗೆ ಸರಿ, ನೀವು ಹೇಳುವುದು ನಿಮ್ಮ ಆಟದ ಮಟ್ಟಿಗೆ ಸರಿ. ಮನೆಯಲ್ಲಿ ಶಾಂತಿ ಇರಲಿ ಎಂದು ಹೇಳುತ್ತಿರುವ ಮಾತಲ್ಲ ಇದು. ಕಂಟ್ರೋಲರಿನ ಕಂಪನ ಬೇಕೇ ಬೇಡವೇ ಎಂಬುದನ್ನು ಅಭಿರುಚಿಯ ಪ್ರಶ್ನೆಯೆಂದು ಬಗೆದು ಕೈಬಿಡುವವರೇ ಹೆಚ್ಚು. ಆದರೆ ಅದರ ಹಿಂದೆ ಅಳೆದು ನೋಡಬಹುದಾದ ಒಂದು ವಿಚಾರವಿದೆ: ಆ ಕ್ಷಣದಲ್ಲಿ ಕೈಗೆ ಬರುವ ನಡುಕ ಆಟಗಾರನಿಗೆ ಗೊತ್ತಿಲ್ಲದ ಸಂಗತಿಯನ್ನು ತಿಳಿಸುತ್ತಿದೆಯೇ, ಅಥವಾ ಅವನಿಗೆ ಆಗಲೇ ಗೊತ್ತಿರುವುದನ್ನು ಮತ್ತೊಮ್ಮೆ ಹೇಳುತ್ತಿದೆಯೇ? ಮೊದಲನೆಯದಾದರೆ ಅದು ಸಹಾಯ. ಎರಡನೆಯದಾದರೆ ಅತ್ಯುತ್ತಮ ಸಂದರ್ಭದಲ್ಲಿ ಅಲಂಕಾರ, ಇಲ್ಲದಿದ್ದರೆ ಅಡ್ಡಿ. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದುಕೊಂಡು ನೋಡಿದರೆ ನಿಮ್ಮ ಮನೆಯ ಜಗಳ ಹೆಚ್ಚುಕಡಿಮೆ ತಾನಾಗಿ ಬಗೆಹರಿಯುತ್ತದೆ.

ಮೊದಲು ಕಂಟ್ರೋಲರಿನ ಒಳಗೆ ಏನಿದೆ ಎಂಬುದನ್ನು ನೋಡೋಣ. ಹಳೆಯ ಬಗೆಯ ಒಂದು ಕಂಟ್ರೋಲರನ್ನು ಬೋರಲು ಹಾಕಿ, ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ, ಎರಡು ಹೋಳುಗಳನ್ನು ಜೋಪಾನವಾಗಿ ಬಿಡಿಸಿದರೆ ಎಡ ಮತ್ತು ಬಲ ಹಿಡಿಕೆಗಳಲ್ಲಿ ಒಂದೊಂದು ಪುಟ್ಟ ಮೋಟರ್ ಕಾಣುತ್ತದೆ. ಮೋಟರಿನ ದಂಡದ ತುದಿಗೆ ಲೋಹದ ಒಂದು ತೂಕ ಕಚ್ಚಿಕೊಂಡಿರುತ್ತದೆ. ಅದು ಪೂರ್ಣ ಚಕ್ರವಲ್ಲ, ಅರ್ಧಚಂದ್ರಾಕೃತಿಯದು. ಭಾರವೆಲ್ಲ ಒಂದೇ ಬದಿಗೆ. ಮೋಟರ್ ತಿರುಗಿದಾಗ ಈ ಓರೆ ತೂಕ ಇಡೀ ಹಿಡಿಕೆಯನ್ನು ಸುತ್ತಲೂ ಎಳೆದಾಡುತ್ತದೆ, ನಮಗೆ ಅದು ನಡುಕವೆಂದು ಅನುಭವಕ್ಕೆ ಬರುತ್ತದೆ. ಎಡಗಡೆಯ ತೂಕ ಎದ್ದು ಕಾಣುವಷ್ಟು ದೊಡ್ಡದು, ಬಲಗಡೆಯದು ಸಣ್ಣದು. ನಿಮ್ಮ ಊರಿನ ಕಡೆಯ ಮಾತಿನಲ್ಲಿ ಹೇಳುವುದಾದರೆ ಎಡಗೈಯಲ್ಲಿ ಮದ್ದಳೆ, ಬಲಗೈಯಲ್ಲಿ ಚೆಂಡೆ: ಒಂದು ಗಂಭೀರ, ನಿಧಾನ, ಇನ್ನೊಂದು ಚುರುಕು, ತೀಕ್ಷ್ಣ. 1997ರ ಕೊನೆಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೋನಿಯ ಡ್ಯುಯಲ್‌ಶಾಕ್ ಈ ಜೋಡಿಯನ್ನು ರೂಢಿಗೆ ತಂದಿತು. ಅದರಲ್ಲಿ ದೊಡ್ಡ ಮೋಟರಿನ ವೇಗವನ್ನು ಹೆಚ್ಚುಕಡಿಮೆ ಮಾಡಬಹುದಿತ್ತು. ಸಣ್ಣದಕ್ಕೆ ತಿರುಗುವುದು ಮತ್ತು ನಿಲ್ಲುವುದು ಇವೆರಡೇ ಗೊತ್ತಿತ್ತು. ಅದೇ ವರ್ಷದ ಮೊದಲರ್ಧದಲ್ಲಿ ನಿಂಟೆಂಡೊ 64ಕ್ಕೆ ಬಂದಿದ್ದ ರಂಬಲ್ ಪ್ಯಾಕ್ ಪ್ರತ್ಯೇಕ ಡಬ್ಬಿ. ಎರಡು ಸಣ್ಣ ಪೆನ್ಸಿಲ್ ಸೆಲ್‌ಗಳನ್ನು ಹಾಕಿಕೊಂಡು ಕಂಟ್ರೋಲರಿನ ಅಡಿಯ ಸಂದಿಗೆ ಸಿಕ್ಕಿಸಬೇಕಾಗಿತ್ತು, ಮೆಮೊರಿ ಕಾರ್ಡಿನ ಜಾಗವೂ ಅದೇ ಆದ್ದರಿಂದ ಆಟಗಾರರು ಒಂದನ್ನು ಕಿತ್ತು ಇನ್ನೊಂದನ್ನು ಹಾಕುತ್ತ ಕೂರಬೇಕಾಗಿತ್ತು. ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳಲ್ಲಿ ಈ ವಿದ್ಯೆ ಇನ್ನೂ ಹಳೆಯದು: 1976ರಲ್ಲಿಯೇ ಸೇಗಾದ ಒಂದು ಮೋಟಾರ್‌ಸೈಕಲ್ ಆಟದಲ್ಲಿ ಎದುರಿನ ಬೈಕಿಗೆ ಗುದ್ದಿದರೆ ಹ್ಯಾಂಡಲ್ ನಡುಗುತ್ತಿತ್ತು.

ಓರೆ ತೂಕದ ಮೋಟರಿಗೆ ಹುಟ್ಟಿನಿಂದಲೇ ಬಂದ ಎರಡು ದೋಷಗಳಿವೆ, ನಿಮ್ಮ ಮಗನ ದೂರಿನ ಬೇರು ಇರುವುದು ಅವುಗಳಲ್ಲಿ. ಒಂದು, ಅದರಲ್ಲಿ ನಡುಕದ ಬಲವನ್ನೂ ವೇಗವನ್ನೂ ಬೇರೆ ಬೇರೆಯಾಗಿ ಆರಿಸಿಕೊಳ್ಳಲು ಬರುವುದಿಲ್ಲ. ತೂಕ ಎಷ್ಟು ವೇಗವಾಗಿ ಸುತ್ತುತ್ತದೆಯೋ ಆ ವೇಗದ ವರ್ಗಕ್ಕೆ ಅನುಗುಣವಾಗಿ ಬಲ ಏರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಹಾಗಾಗಿ ಮೆಲ್ಲಗಿನ ನಡುಕ ಯಾವಾಗಲೂ ನಿಧಾನವಾಗಿಯೇ ಇರಬೇಕು, ಜೋರಾದದ್ದು ಚುರುಕಾಗಿಯೇ ಇರಬೇಕು. ಮೃದುವಾದರೂ ಚುರುಕಾದ ಸ್ಪರ್ಶ, ಉದಾಹರಣೆಗೆ ಛತ್ರಿಯ ಮೇಲೆ ಬೀಳುವ ತುಂತುರು, ಅದಕ್ಕೆ ಸಾಧ್ಯವೇ ಇಲ್ಲ. ಎರಡು, ತೂಕವಿರುವ ವಸ್ತು ನಿಂತಲ್ಲಿಂದ ವೇಗ ಪಡೆಯಲು ಸಮಯ ಬೇಕು, ವೇಗದಿಂದ ನಿಲ್ಲಲೂ ಸಮಯ ಬೇಕು. ಈ ಸಮಯ ಕೆಲವು ಹತ್ತು ಮಿಲಿಸೆಕೆಂಡುಗಳಷ್ಟು. ಹೇಳುವಾಗ ಅಲ್ಪವೆನಿಸಿದರೂ, ಪರದೆಯ ಮೇಲೆ ಗುಂಡು ಹಾರಿದ ಘಳಿಗೆಗೂ ಕೈ ನಡುಗುವ ಘಳಿಗೆಗೂ ನಡುವೆ ಬಿರುಕು ಬೀಳಲು ಅಷ್ಟು ಸಾಕು. ಗುಂಡು ಹಾರಿ ಆಟಗಾರ ಮುಂದಿನ ಗುರಿಯ ಕಡೆ ಹೊರಳುವಾಗ ಹಿಂದಿನ ಗುಂಡಿನ ನಡುಕ ಇನ್ನೂ ಕೈಯಲ್ಲಿ ಉಳಿದಿರುತ್ತದೆ.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಪರಿಹಾರ ಸುತ್ತುವ ತೂಕವನ್ನು ಬಿಟ್ಟು ಹಿಂದಕ್ಕೂ ಮುಂದಕ್ಕೂ ಓಡಾಡುವ ತೂಕವನ್ನು ಇಡುವುದು. 2017ರ ನಿಂಟೆಂಡೊ ಸ್ವಿಚ್‌ನಲ್ಲಿ ಈ ಬಗೆಯದು ಬಂತು. ಜತೆಗೆ ಬಿಡುಗಡೆಯಾದ ಒಂದು ಆಟದಲ್ಲಿ ಜಾಯ್‌ಕಾನ್ ಎಂಬ ಅದರ ಕಂಟ್ರೋಲರನ್ನು ಅತ್ತಿತ್ತ ವಾಲಿಸಿ, ಒಳಗೆ ಎಷ್ಟು ಗೋಲಿಗಳು ಉರುಳುತ್ತಿವೆ ಎಂದು ಬರಿಯ ಸ್ಪರ್ಶದಿಂದಲೇ ಎಣಿಸಬೇಕಾಗಿತ್ತು; ಒಳಗೆ ಗೋಲಿಯಿಲ್ಲವೆಂದು ಗೊತ್ತಿದ್ದೂ ಎಣಿಸಲು ಸಾಧ್ಯವಾಗುತ್ತಿತ್ತು. ನಿಮ್ಮ ಮನೆಯಲ್ಲಿರುವ ಡ್ಯುಯಲ್‌ಸೆನ್ಸ್ ಎಂಬ ಕಂಟ್ರೋಲರ್ 2020ರದು. ಅದರ ಹಿಡಿಕೆಗಳೊಳಗೆ ಇರುವುದು ಕಾಂತದ ನಡುವೆ ತಂತಿಯ ಸುರುಳಿ, ಅಂದರೆ ಧ್ವನಿವರ್ಧಕದ ತತ್ವವೇ. ಆದ್ದರಿಂದ ಅದಕ್ಕೆ ಕೊಡುವ ಆಜ್ಞೆಯೂ ಒಂದು ಬಗೆಯ ಧ್ವನಿಯ ಅಲೆಯೇ ಆಗಿರುತ್ತದೆ. ಆಟದ ಧ್ವನಿ ವಿನ್ಯಾಸಕಾರನೇ ಕೂತು ನಡುಕವನ್ನೂ ರಚಿಸಬಹುದು. ಕನ್ಸೋಲಿನ ಜತೆಗೇ ಬರುವ ಆಸ್ಟ್ರೋಸ್ ಪ್ಲೇರೂಮ್ ತೆರೆದು ಆ ಪುಟ್ಟ ರೋಬೋವನ್ನು ಮರಳಿನ ಮೇಲೆ, ಗಾಜಿನ ಮೇಲೆ, ಲೋಹದ ಮೇಲೆ ನಡೆಸಿ ನೋಡಿ. ಕಣ್ಣು ಮುಚ್ಚಿದರೂ ನೆಲ ಯಾವುದೆಂದು ಹೇಳಬಹುದು. ಟ್ರಿಗರ್‌ಗಳ, ಅಂದರೆ ತೋರುಬೆರಳಿನಿಂದ ಒತ್ತುವ ಗುಂಡಿಗಳ, ಹಿಂದೆ ಬೇರೆಯೇ ಚಿಕ್ಕ ಮೋಟರುಗಳಿದ್ದು ಅವು ಬೆರಳಿಗೆ ಎದುರಾಗಿ ತಳ್ಳುತ್ತವೆ. ಅದು ಕಂಪನಕ್ಕಿಂತ ಬೇರೆಯಾದ ಸಂಗತಿ, ಅದಕ್ಕೆ ಬೇರೆಯೇ ಸ್ವಿಚ್ ಇದೆ. ಇದನ್ನು ಮುಂದೆ ಪ್ರಸ್ತಾಪಿಸುತ್ತೇನೆ.

ಇನ್ನು ಈ ನಡುಕವನ್ನು ಸ್ವೀಕರಿಸುವ ಅಂಗೈಯ ವಿಚಾರ. ಅಂಗೈ ಮತ್ತು ಬೆರಳುಗಳ ಚರ್ಮದಲ್ಲಿ ಕಂಪನವನ್ನು ಹಿಡಿಯುವ ಎರಡು ಬಗೆಯ ಗ್ರಾಹಕಗಳು ಮುಖ್ಯ. ಮೈಸ್ನರ್ ಎಂಬವು ಚರ್ಮದ ಮೇಲ್ಭಾಗದಲ್ಲಿದ್ದು ಸೆಕೆಂಡಿಗೆ ಕೆಲವು ಹತ್ತು ಸಲದ ನಿಧಾನ ಅದುರುವಿಕೆಗೆ ಸ್ಪಂದಿಸುತ್ತವೆ. ಪಾಸಿನಿಯನ್ ಎಂಬವು ಆಳದಲ್ಲಿದ್ದು ಚುರುಕಾದ ಕಂಪನಕ್ಕೆ ಸ್ಪಂದಿಸುತ್ತವೆ. ಸುಮಾರು 250 ಹರ್ಟ್ಸ್ ಆಸುಪಾಸಿನಲ್ಲಿ ಅವು ಎಷ್ಟು ಸೂಕ್ಷ್ಮವೆಂದರೆ ಒಂದು ಮೈಕ್ರಾನಿಗಿಂತ ಕಡಿಮೆ ಅಲುಗಾಟವೂ ಅವುಗಳಿಗೆ ತಿಳಿಯುತ್ತದೆ. ಆದರೆ ಇದೇ ಗ್ರಾಹಕಗಳಿಗೆ ಬೇಗ ಒಗ್ಗಿಹೋಗುವ ಗುಣವೂ ಇದೆ. ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ರೈಲು ಹತ್ತಿ ಕಂಬ ಹಿಡಿದು ನಿಂತವರಿಗೆ ಮೊದಲು ಅಂಗೈಯಲ್ಲಿ ಗುಂಯ್‌ಗುಡುವ ಕಂಪನ ಸ್ಪಷ್ಟವಾಗಿ ಗೊತ್ತಾಗುತ್ತದೆ, ಠಾಣೆ ಸ್ಟೇಷನ್ ಬರುವ ಹೊತ್ತಿಗೆ ಅದು ಇದ್ದೂ ಇಲ್ಲದಂತಾಗಿರುತ್ತದೆ; ಗಾಡಿ ಬ್ರೇಕ್ ಹಾಕಿದಾಗ ಮಾತ್ರ ಮತ್ತೆ ಅರಿವಿಗೆ ಬರುತ್ತದೆ. ಎಡೆಬಿಡದೆ ನಡುಗುವ ಗೇಮ್‌ನಲ್ಲಿಯೂ ಹೀಗೆಯೇ. ಕೆಲವು ನಿಮಿಷಗಳಲ್ಲಿ ಚರ್ಮ ಒಗ್ಗಿಹೋಗಿ ಆ ನಡುಕದಿಂದ ಹೊಸ ಸುದ್ದಿ ಯಾವುದೂ ಬರುವುದಿಲ್ಲ. ಅಷ್ಟೇ ಅಲ್ಲ, ಜೋರಾದ ಕಂಪನ ಅದೇ ಹೊತ್ತಿನಲ್ಲಿ ಬರುವ ಸಣ್ಣ ಸ್ಪರ್ಶವನ್ನು ಮರೆಮಾಡುತ್ತದೆ. ಎಲ್ಲದಕ್ಕೂ ನಡುಗುವ ಆಟದಲ್ಲಿ ನಡುಕಕ್ಕೆ ಬೆಲೆಯಿಲ್ಲ ಎಂಬುದು ನನ್ನ ಅಭಿಪ್ರಾಯ ಮಾತ್ರವಲ್ಲ, ಚರ್ಮದ ರಚನೆಯೇ ಹಾಗಿದೆ.

ಈಗ ನಿಮ್ಮ ಮಗನ ಆಟಕ್ಕೆ ಬರೋಣ. ಶೂಟಿಂಗ್ ಗೇಮ್‌ನಲ್ಲಿ ಗುರಿ ಹಿಡಿಯುವುದು ಬಲಗೈ ಹೆಬ್ಬೆರಳಿನ ಕೆಲಸ. ಅದರಡಿಯ ಪುಟ್ಟ ಸ್ಟಿಕ್ಕಿನ ತುದಿ ಒಂದೆರಡು ಮಿಲಿಮೀಟರ್ ಜರುಗಿದರೆ ಪರದೆಯ ಮೇಲಿನ ಗುರಿ ಶತ್ರುವಿನ ತಲೆಯನ್ನು ದಾಟಿ ಗೋಡೆಗೆ ಹೋಗಿರುತ್ತದೆ. ಇಂಥ ನಯವಾದ ಕೆಲಸ ನಡೆಯುತ್ತಿರುವಾಗಲೇ ಬಂದೂಕು ಹಾರಿತೆಂದು ಹಿಡಿಕೆ ಅಲುಗುತ್ತದೆ. ಅಂದರೆ ಯಾವ ಕ್ಷಣದಲ್ಲಿ ಕೈ ಸ್ಥಿರವಾಗಿರಬೇಕೋ ಅದೇ ಕ್ಷಣವನ್ನು ಹುಡುಕಿಕೊಂಡು ಬಂದಂತೆ ಕಂಪನ ಬರುತ್ತದೆ. ಬಂದು ಅದು ಹೇಳುವುದೇನು? ಗುಂಡು ಹಾರಿತೆಂದು. ಟ್ರಿಗರ್ ಒತ್ತಿದವನು ಅವನೇ. ಪರದೆಯ ಮೇಲೆ ಬೆಂಕಿ ಕಂಡಿದೆ, ಹೆಡ್‌ಫೋನಿನಲ್ಲಿ ಸದ್ದು ಕೇಳಿಸಿದೆ. ನಾಲ್ಕನೆಯ ಸಲ ಹೇಳುವ ಅಗತ್ಯವಿರಲಿಲ್ಲ. ಸ್ಪರ್ಧೆಗಳಲ್ಲಿ ಆಡುವ ಶೂಟಿಂಗ್ ಆಟಗಾರರಲ್ಲಿ ಬಹಳ ಮಂದಿ ಮೊದಲು ಮಾಡುವ ಕೆಲಸವೇ ವೈಬ್ರೇಷನ್ ಆಫ್ ಮಾಡುವುದು, ಅದಕ್ಕೆ ಕಾರಣ ಇದು. ಟ್ರಿಗರ್‌ನ ಪ್ರತಿರೋಧವನ್ನೂ ಅವರು ತೆಗೆದುಹಾಕುತ್ತಾರೆ, ಏಕೆಂದರೆ ಬಂದೂಕಿನ ಕುದುರೆಯ ಬಿಗಿಯನ್ನು ಅನುಕರಿಸುವ ಆ ಪ್ರತಿರೋಧ ಬೆರಳಿಗೆ ಹೆಚ್ಚು ಬಲವನ್ನೂ ಹೆಚ್ಚು ಸಮಯವನ್ನೂ ಕೇಳುತ್ತದೆ. ಒಬ್ಬನೇ ಕುಳಿತು ಕಥೆಯಿರುವ ಆಟ ಆಡುವಾಗ ಆ ಬಿಗಿ ಸೊಗಸು. ಎದುರಿಗೆ ಇನ್ನೊಬ್ಬ ಮನುಷ್ಯ ಇರುವಾಗ ಅದು ಸುಂಕ.

ಒಂದು ವಿನಾಯಿತಿಯನ್ನು ನಿಮ್ಮ ಮಗನಿಗೆ ಹೇಳಬಹುದು. ಬೆನ್ನ ಹಿಂದಿನಿಂದ ಏಟು ಬಿದ್ದಾಗ ಆಗುವ ಕಂಪನ ಅವನಿಗೆ ಗೊತ್ತಿಲ್ಲದ್ದನ್ನೇ ಹೇಳುತ್ತದೆ. ಮನುಷ್ಯ ಸ್ಪರ್ಶಕ್ಕೆ ಪ್ರತಿಕ್ರಿಯಿಸುವುದು ದೃಶ್ಯಕ್ಕೆ ಪ್ರತಿಕ್ರಿಯಿಸುವುದಕ್ಕಿಂತ ತುಸು ಬೇಗ ಎಂಬುದು ಪ್ರಯೋಗಾಲಯಗಳಲ್ಲಿ ಹಳೆಯ ಮಾತು. ಗುಂಡು ಹಾರಿಸುವುದರ ಕಂಪನವನ್ನೂ ಏಟು ತಿನ್ನುವುದರ ಕಂಪನವನ್ನೂ ಬೇರೆ ಬೇರೆಯಾಗಿ ಆರಿಸಿಕೊಳ್ಳಲು ಬಿಡುವ ಆಟ ಸಿಕ್ಕಿದರೆ ಮೊದಲನೆಯದನ್ನು ತೆಗೆದು ಎರಡನೆಯದನ್ನು ಉಳಿಸಿಕೊಳ್ಳುವುದೇ ಜಾಣತನ. ದುರದೃಷ್ಟವಶಾತ್ ಹೆಚ್ಚಿನ ಆಟಗಳು ಇರುವುದೆಲ್ಲವನ್ನೂ ಒಂದೇ ಸ್ವಿಚ್ಚಿಗೆ ಕಟ್ಟಿಹಾಕಿವೆ.

ನಿಮ್ಮ ಕಾರಿನ ಆಟದಲ್ಲಿ ಲೆಕ್ಕ ತಿರುವುಮುರುವು. ನಿಜವಾದ ಕಾರಿನಲ್ಲಿ ಕುಳಿತವನಿಗೆ ಹಿಂದಿನ ಚಕ್ರ ಜಾರುತ್ತಿದೆಯೆಂದು ಮೊದಲು ಹೇಳುವುದು ಕಣ್ಣಲ್ಲ. ಸೀಟು, ಬೆನ್ನು, ಸ್ಟಿಯರಿಂಗ್ ಹಿಡಿದ ಕೈ. ಕಾರಿನ ಮೂತಿ ಪಕ್ಕಕ್ಕೆ ಹೊರಳಿದ್ದು ಕಣ್ಣಿಗೆ ಕಾಣುವ ಹೊತ್ತಿಗೆ ಬಹಳಷ್ಟು ಕೆಟ್ಟುಹೋಗಿರುತ್ತದೆ. ಸೋಫಾದ ಮೇಲೆ ಕುಳಿತವನಿಗೆ ಸೀಟೂ ಇಲ್ಲ, ಬೆನ್ನಿಗೆ ಒತ್ತುವ ವೇಗವೂ ಇಲ್ಲ. ಆ ಕೊರತೆಯನ್ನು ತುಂಬಲು ಇರುವುದು ಕೈಯೊಳಗಿನ ಕಂಟ್ರೋಲರ್ ಒಂದೇ. 2013ರಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಒನ್ ಕನ್ಸೋಲ್, ಹಿಡಿಕೆಯ ಎರಡು ಮೋಟರುಗಳ ಜತೆಗೆ ಎರಡು ಟ್ರಿಗರ್‌ಗಳಿಗೂ ಒಂದೊಂದು ಚಿಕ್ಕ ಮೋಟರ್ ಇಟ್ಟಿತು, ಅದರ ಮೊದಲ ರೇಸಿಂಗ್ ಆಟ ಅವುಗಳನ್ನು ನೇರವಾಗಿ ಚಕ್ರದ ಹಿಡಿತಕ್ಕೆ ಕಟ್ಟಿತು: ಬ್ರೇಕ್ ಬಿಗಿದು ಚಕ್ರ ನಿಂತುಹೋದರೆ ಎಡ ಬೆರಳಿಗೆ, ಆಕ್ಸಿಲರೇಟರ್ ಹೆಚ್ಚು ಕೊಟ್ಟು ಚಕ್ರ ಸುಮ್ಮನೆ ಸುತ್ತಿದರೆ ಬಲ ಬೆರಳಿಗೆ ನಡುಕ. ಕಂಪನದ ಬಳಕೆಯಲ್ಲಿ ಇಷ್ಟು ಸ್ವಚ್ಛವಾದ ವಿಚಾರ ನನಗೆ ಬೇರೆ ಕಂಡಿಲ್ಲ. ಯಾವ ಬೆರಳು ತಪ್ಪು ಮಾಡಿತೋ ಅದೇ ಬೆರಳಿಗೆ ಸುದ್ದಿ. ನಿಮ್ಮ ಪ್ಲೇಸ್ಟೇಷನ್ 5ರಲ್ಲಿ ಗ್ರ್ಯಾನ್ ಟುರಿಸ್ಮೊ 7ರಂತಹ ಆಟ ಇದ್ದರೆ ಬ್ರೇಕಿನ ಟ್ರಿಗರ್ ಒತ್ತುವಾಗ ಬೆರಳಿಗೆ ಸಿಗುವ ಬಿಗಿಯನ್ನು ಗಮನಿಸಿ. ಅದನ್ನು ಓದಲು ಕಲಿತವರು ಎಲ್ಲಿ ಬ್ರೇಕ್ ಸಡಿಲಿಸಬೇಕೆಂಬುದನ್ನು ಪರದೆ ನೋಡದೆ ತಿಳಿಯುತ್ತಾರೆ. ಹಾಗಾಗಿ ಕಂಪನವಿಲ್ಲದೆ ಆಡಿದಂತಾಗುವುದಿಲ್ಲ ಎಂಬ ನಿಮ್ಮ ಮಾತು ಬರಿಯ ಮೋಜಿನ ಮಾತಲ್ಲ. ಅದನ್ನು ತೆಗೆದರೆ ನೀವು ನಿಜವಾಗಿಯೂ ಕೆಟ್ಟದಾಗಿ ಓಡಿಸುವ ಸಾಧ್ಯತೆಯಿದೆ.

ಹಳೆಯ ಓರೆ ತೂಕದ ಮೋಟರಿನಿಂದಲೇ ಬುದ್ಧಿವಂತಿಕೆಯಿಂದ ಕೆಲಸ ತೆಗೆದವರೂ ಇದ್ದಾರೆ ಎಂಬುದನ್ನು ಇಲ್ಲಿ ಹೇಳಬೇಕು, ಏಕೆಂದರೆ ಹೊಸ ಯಂತ್ರ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. 1998ರ ಜೆಲ್ಡಾ ಆಟದಲ್ಲಿ ಒಂದು ಮಾಂತ್ರಿಕ ಕಲ್ಲು ಸಿಗುತ್ತದೆ. ರಂಬಲ್ ಪ್ಯಾಕ್ ಹಾಕಿಕೊಂಡಿದ್ದರೆ ನೆಲದಡಿಯ ಗುಪ್ತ ಗುಹೆಯ ಸಮೀಪ ಹೋದಾಗ ಮಾತ್ರ ಕಂಟ್ರೋಲರ್ ಅದುರುತ್ತದೆ. ಪರದೆಯ ಮೇಲೆ ಯಾವ ಗುರುತೂ ಇರುವುದಿಲ್ಲ. 1999ರ ಸೈಲೆಂಟ್ ಹಿಲ್‌ನಲ್ಲಿ ನಾಯಕನಿಗೆ ಎಷ್ಟು ಪೆಟ್ಟಾಗಿದೆ ಎಂಬುದನ್ನು ಎದೆಬಡಿತದ ಲಯವಾಗಿ ಕೈಗೆ ತಿಳಿಸುತ್ತಿದ್ದರು. ಪರದೆಯ ಮೂಲೆಯಲ್ಲಿ ಅಂಕಿ ತೋರಿಸುವುದಕ್ಕಿಂತ ಇದು ಭಯದ ಆಟಕ್ಕೆ ಎಷ್ಟೋ ಒಪ್ಪುವ ಕ್ರಮ. 1998ರ ಮೆಟಲ್ ಗಿಯರ್ ಸಾಲಿಡ್‌ನಲ್ಲಿ ಮನಸ್ಸಿನ ಶಕ್ತಿಯುಳ್ಳ ಒಬ್ಬ ಖಳ ಕಂಟ್ರೋಲರನ್ನು ನೆಲದ ಮೇಲಿಡಲು ಆಟಗಾರನಿಗೇ ಹೇಳಿ, ಮೋಟರುಗಳನ್ನು ಓಡಿಸಿ, ಅದನ್ನು ತಾನೇ ಸರಿಸಿದಂತೆ ತೋರಿಸುತ್ತಾನೆ. ಇವೆಲ್ಲ ಒರಟು ಮೋಟರಿನ ಕಾಲದವು. ಇನ್ನೊಂದು ಕಡೆ, ಇಂದಿನ ಸೂಕ್ಷ್ಮ ಯಂತ್ರವನ್ನು ಕೈಯಲ್ಲಿಟ್ಟುಕೊಂಡೂ ಬಾಂಬ್ ಸಿಡಿದರೆ ಗಡಗಡ, ಬಾಗಿಲು ತೆರೆದರೆ ಗಡಗಡ ಎಂದು ಇಪ್ಪತ್ತು ವರ್ಷಗಳ ಹಿಂದಿನ ಅಭ್ಯಾಸವನ್ನೇ ಮುಂದುವರಿಸುವ ಆಟಗಳು ಕಡಿಮೆಯಿಲ್ಲ. ಕಂಪನವನ್ನು ಆಫ್ ಮಾಡುವ ಆಟಗಾರನನ್ನು ದೂರುವವರು ಮೊದಲು ಅದನ್ನು ರಚಿಸಿದವರನ್ನು ಕೇಳಬೇಕು.

ಕಂಪನವೇ ಇಲ್ಲದ ಕಂಟ್ರೋಲರನ್ನು ಒಮ್ಮೆ ಲೋಕವೆಲ್ಲ ಪ್ರಯೋಗಿಸಿ ನೋಡಿದ್ದೂ ಉಂಟು. ಸ್ಪರ್ಶ ತಂತ್ರಜ್ಞಾನದ ಪೇಟೆಂಟುಗಳನ್ನು ಹೊಂದಿದ್ದ ಇಮ್ಮರ್ಷನ್ ಎಂಬ ಅಮೆರಿಕದ ಕಂಪನಿ 2002ರಲ್ಲಿ ಸೋನಿ ಮತ್ತು ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿತು. ಮೈಕ್ರೋಸಾಫ್ಟ್ 2003ರಲ್ಲಿ ರಾಜಿ ಮಾಡಿಕೊಂಡಿತು, ಸೋನಿ ಹೋರಾಡಿತು. 2006ರ ಕೊನೆಯಲ್ಲಿ ಪ್ಲೇಸ್ಟೇಷನ್ 3 ಬಂದಾಗ ಅದರ ಸಿಕ್ಸ್ಆ್ಯಕ್ಸಿಸ್ ಕಂಟ್ರೋಲರಿನಲ್ಲಿ ಮೋಟರುಗಳೇ ಇರಲಿಲ್ಲ. ಚಲನೆಯನ್ನು ಅಳೆಯುವ ಸಂವೇದಕಕ್ಕೆ ಕಂಪನ ತೊಡಕಾಗುತ್ತದೆ ಎಂಬ ತಾಂತ್ರಿಕ ಕಾರಣವನ್ನು ಕಂಪನಿ ಆಗ ಕೊಟ್ಟಿತ್ತು. 2007ರ ಮಾರ್ಚ್‌ನಲ್ಲಿ ವ್ಯಾಜ್ಯ ಮುಗಿಯಿತು, ಅದೇ ನವೆಂಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಡ್ಯುಯಲ್‌ಶಾಕ್ 3ರಲ್ಲಿ ಸಂವೇದಕವೂ ಇತ್ತು, ಕಂಪನವೂ ಇತ್ತು. ಅದರ ನಂತರ ಟಿವಿಗೆ ಜೋಡಿಸಿ ಆಡುವ ದೊಡ್ಡ ಕನ್ಸೋಲುಗಳ ತಯಾರಕರು ಮುಖ್ಯ ಕಂಟ್ರೋಲರಿನಿಂದ ಕಂಪನವನ್ನು ತೆಗೆಯುವ ಸಾಹಸ ಮಾಡಿಲ್ಲ.

ಆಟಗಾರರ ಒಲವು ಆಟದ ಬಗೆಯಿಂದ ಮಾತ್ರವಲ್ಲ, ವಯಸ್ಸಿನಿಂದಲೂ ಬದಲಾಗುತ್ತದೆ. ಚುರುಕಾದ ಕಂಪನವನ್ನು ಹಿಡಿಯುವ ಚರ್ಮದ ಶಕ್ತಿ ವಯಸ್ಸಾದಂತೆ ಕುಗ್ಗುತ್ತದೆ. ನಿಮಗೆ ಹಿತವೆನಿಸುವಷ್ಟು ನಡುಕ ನಿಮ್ಮ ಮಗನ ಕೈಗೆ ಅತಿಯೆನಿಸಿದರೆ ಅದು ಅವನ ನಖರಾ ಅಲ್ಲ. ಹೆಡ್‌ಫೋನ್ ಹಾಕಿಕೊಂಡು ಆಡುವವರಿಗೆ ಕಂಪನದ ಅಗತ್ಯ ಕಡಿಮೆ, ಟಿವಿಯ ಸದ್ದನ್ನು ತಗ್ಗಿಸಿ ರಾತ್ರಿ ಆಡುವವರಿಗೆ ಹೆಚ್ಚು. ಆದರೆ ಈ ವಿಷಯದಲ್ಲಿ ಯಾರ ಅನುಭವವನ್ನೂ ಪೂರ್ತಿ ನಂಬುವಂತಿಲ್ಲ ಎಂಬುದೂ ನಿಜ. ಔಷಧಿಯ ಪರೀಕ್ಷೆಯಲ್ಲಿ ರೋಗಿಗೆ ಗೊತ್ತಾಗದಂತೆ ಬರಿಯ ಸಕ್ಕರೆ ಗುಳಿಗೆ ಕೊಡಬಹುದು. ಕೈಯಲ್ಲಿ ಕಂಟ್ರೋಲರ್ ನಡುಗುತ್ತಿದೆಯೋ ಇಲ್ಲವೋ ಎಂಬುದನ್ನು ಆಡುವವನಿಂದ ಮುಚ್ಚಿಡಲು ಬರುವುದಿಲ್ಲ. ಕಂಪನ ಇದ್ದರೆ ಸೋಲುತ್ತೇನೆ ಎಂದು ನಂಬಿದವನು ಕಂಪನ ಇದ್ದಾಗ ಸೋತರೆ ಯಾವುದರ ಫಲ ಯಾವುದೆಂದು ಬಿಡಿಸುವುದು ಕಷ್ಟ. ಆದ್ದರಿಂದ ಅನಿಸಿಕೆಗಿಂತ ಅಂಕಿ ಮೇಲು. ಒಂದೇ ಟ್ರ್ಯಾಕಿನಲ್ಲಿ, ಒಂದೇ ಕಾರಿನಲ್ಲಿ, ಒಂದು ಸುತ್ತು ಕಂಪನದೊಡನೆ, ಮುಂದಿನದು ಇಲ್ಲದೆ, ಹೀಗೆ ಸರದಿಯಾಗಿ ಓಡಿಸಿ ಸಮಯ ಬರೆದುಕೊಳ್ಳಿ. ಮಗನೂ ಅಭ್ಯಾಸದ ಮೈದಾನದಲ್ಲಿ ಇದೇ ರೀತಿ ಮಾಡಲಿ. ಮೊದಲು ಪೂರ್ತಿ ಒಂದನ್ನು ಮುಗಿಸಿ ಆಮೇಲೆ ಇನ್ನೊಂದನ್ನು ಹಿಡಿಯಬಾರದು, ಏಕೆಂದರೆ ಕೈ ಪಳಗಿದ ಲಾಭವೆಲ್ಲ ಎರಡನೆಯದರ ಪಾಲಾಗುತ್ತದೆ.

ಕಂಪನ ಅಭಿರುಚಿಯೇ ಅಲ್ಲದ ಆಟಗಾರರೂ ಇದ್ದಾರೆ, ಅವರನ್ನು ಮರೆಯಬಾರದು. ಕಿವಿ ಕೇಳಿಸದವರಿಗೆ ಹಿಂದಿನಿಂದ ಬರುವ ಹೆಜ್ಜೆಯ ಸದ್ದಿನ ಸ್ಥಾನದಲ್ಲಿ ನಿಲ್ಲಬಲ್ಲದ್ದು ಕೈಯ ನಡುಕ. 2022ರಲ್ಲಿ ಪ್ಲೇಸ್ಟೇಷನ್ 5ಕ್ಕೆ ಹೊಸದಾಗಿ ಬಂದ ದ ಲಾಸ್ಟ್ ಆಫ್ ಅಸ್‌ನ ಮೊದಲ ಭಾಗದಲ್ಲಿ ಪಾತ್ರಗಳ ಮಾತಿನ ಏರಿಳಿತವನ್ನೇ ಕಂಪನವಾಗಿ ಕೈಗೆ ತಲುಪಿಸುವ ಆಯ್ಕೆಯಿದೆ. ಅಕ್ಷರದಲ್ಲಿ ಓದಿದ ಮಾತು ಸಿಟ್ಟಿನದೋ ಪಿಸುಮಾತೋ ಎಂಬುದು ಅಂಗೈಗೆ ತಿಳಿಯುತ್ತದೆ.

ನಿಮ್ಮ ಹೆಂಡತಿಯ ಚಿಂತೆಯನ್ನು ತಳ್ಳಿಹಾಕುವಂತಿಲ್ಲ, ಹಾಗೆಂದು ಗಾಬರಿಯಾಗಬೇಕಾಗಿಯೂ ಇಲ್ಲ. ಕೊರೆಯುವ, ಒಡೆಯುವ ಯಂತ್ರಗಳನ್ನು ವರ್ಷಗಟ್ಟಲೆ ಹಿಡಿದು ದುಡಿಯುವವರಿಗೆ ಬೆರಳು ಬಿಳಿಚಿಕೊಳ್ಳುವ, ಮರಗಟ್ಟುವ ಕಾಯಿಲೆ ಬರುವುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತು. ಯುರೋಪಿನ ಕಾರ್ಮಿಕ ನಿಯಮದಲ್ಲಿ ಎಂಟು ಗಂಟೆಗಳ ದುಡಿಮೆಗೆ ಸರಾಸರಿ 2.5 ಮೀಟರ್ ಪ್ರತಿ ಸೆಕೆಂಡ್ ವರ್ಗ ಎಂಬ ಕಂಪನದ ಮಟ್ಟ ದಾಟಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು, 5ನ್ನು ದಾಟಲೇಬಾರದು. ಆಟದ ಕಂಟ್ರೋಲರಿಗೆ ಸಂಬಂಧಿಸಿದಂತೆ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವೈದ್ಯರು 15 ವರ್ಷದ ಹುಡುಗನೊಬ್ಬನ ವಿಷಯ ಬರೆದಿದ್ದರು. ದಿನಕ್ಕೆ ಏಳು ಗಂಟೆಗಳವರೆಗೆ ಕಂಪನವನ್ನು ಚಾಲನೆಯಲ್ಲಿಟ್ಟು ಆಡುತ್ತಿದ್ದ ಅವನ ಕೈಗಳು ನೋಯುತ್ತಿದ್ದವು, ಚಳಿಗೆ ಬಿಳಿಚಿಕೊಂಡು ಊದಿಕೊಳ್ಳುತ್ತಿದ್ದವು. ಆದರೆ ಅದು ಒಬ್ಬನ ಪ್ರಕರಣ, ಮತ್ತು ದಿನಕ್ಕೆ ಏಳು ಗಂಟೆ ಎಂಬುದನ್ನು ಗಮನಿಸಬೇಕು. ಆಡುವವರ ಕೈ ಜೋಮು ಹಿಡಿಯಲು ಸಾಮಾನ್ಯ ಕಾರಣ ಕಂಪನವಲ್ಲ. ಬಿಗಿಮುಷ್ಟಿಯ ಹಿಡಿತ, ಮಡಚಿದ ಮಣಿಕಟ್ಟು, ಹೆಬ್ಬೆರಳಿನ ಸ್ನಾಯುರಜ್ಜುವಿಗೆ ಬೀಳುವ ಎಡೆಬಿಡದ ಕೆಲಸ. ಮುಂಬೈಯ ಸೆಕೆಯಲ್ಲಿ ಚಳಿಗೆ ಬೆರಳು ಬಿಳಿಚುವುದು ಕಣ್ಣಿಗೆ ಬೀಳಲಿಕ್ಕಿಲ್ಲವಾದ್ದರಿಂದ ಎಸಿ ಕೋಣೆಯಲ್ಲಿ ಕುಳಿತಾಗ, ತಣ್ಣೀರು ಮುಟ್ಟಿದಾಗ ಹೇಗಿರುತ್ತದೆಂದು ನೋಡಿ. ಬೆರಳ ತುದಿ ಬಿಳಿಚುತ್ತಿದ್ದರೆ, ಅಥವಾ ಆಟ ನಿಲ್ಲಿಸಿ ಬಹಳ ಹೊತ್ತಾದರೂ ಜೋಮು ಬಿಡದಿದ್ದರೆ ವೈದ್ಯರಿಗೆ ತೋರಿಸಬೇಕು. ಅಲ್ಲಿಯವರೆಗೆ ಗಂಟೆಗೊಮ್ಮೆ ಕೈ ಬಿಡಿಸಿ ಏಳುವುದು ಕಂಪನವನ್ನು ಆಫ್ ಮಾಡುವುದಕ್ಕಿಂತ ಹೆಚ್ಚು ಉಪಕಾರಿ.

ದಿನದ ತಕರಾರಿಗೆ ಪರಿಹಾರ ಸುಲಭ. ಕಂಪನಕ್ಕೆ ಎರಡು ಕಡೆ ಸ್ವಿಚ್ ಇರುತ್ತದೆ: ಒಂದು ಕನ್ಸೋಲಿನ ಸೆಟ್ಟಿಂಗ್‌ನ ಆಕ್ಸೆಸರೀಸ್ ವಿಭಾಗದಲ್ಲಿ, ಇನ್ನೊಂದು ಆಯಾ ಆಟದ ಒಳಗಿನ ಮೆನುವಿನಲ್ಲಿ. ಮಗ ಇಷ್ಟು ದಿನ ಕನ್ಸೋಲಿನಲ್ಲೇ ಆಫ್ ಮಾಡುತ್ತಿದ್ದಾನೆಂದು ತೋರುತ್ತದೆ, ಅದರಿಂದ ನಿಮ್ಮ ಕಾರೂ ಮೂಕವಾಗುತ್ತದೆ. ಅದನ್ನು ಮೊದಲಿನ ಮಟ್ಟಕ್ಕೆ ತಂದು, ಅವನ ಶೂಟಿಂಗ್ ಆಟವನ್ನು ತೆರೆದು ಅದರೊಳಗಿನ ಕಂಟ್ರೋಲರ್ ಮೆನುವಿನಲ್ಲಿ ವೈಬ್ರೇಷನ್ ಮತ್ತು ಟ್ರಿಗರ್ ಎಫೆಕ್ಟ್ ಎರಡನ್ನೂ ಆಫ್ ಮಾಡಿ. ಆಟ ಅದನ್ನು ನೆನಪಿಟ್ಟುಕೊಳ್ಳುತ್ತದೆ, ನಿಮ್ಮ ಆಟಕ್ಕೆ ಸೋಂಕು ತಾಗುವುದಿಲ್ಲ. ಕನ್ಸೋಲಿನ ಮಟ್ಟದಲ್ಲಿ ಆಫ್ ಮಾಡುವುದು ಮತ್ತು ಪೂರ್ಣ ಬಲ ಇವೆರಡರ ನಡುವೆ ದುರ್ಬಲ, ಮಧ್ಯಮ ಎಂಬ ಹಂತಗಳೂ ಇವೆ. ಕಥೆಯ ಆಟಗಳಿಗೆ ಮಧ್ಯಮ ಸಾಕೆಂದು ನನ್ನ ಅನಿಸಿಕೆ, ಬ್ಯಾಟರಿಯೂ ತುಸು ಹೆಚ್ಚು ಬಾಳುತ್ತದೆ. ನಡುರಾತ್ರಿ ಕಂಟ್ರೋಲರನ್ನು ಗಾಜಿನ ಟೀಪಾಯಿಯ ಮೇಲಿಟ್ಟು ಕಥೆಯ ದೃಶ್ಯ ನೋಡುತ್ತ ಕೂರುವ ಅಭ್ಯಾಸವಿದ್ದರೆ ಅದನ್ನು ಬಿಡಿಸಿ, ಕೆಳಗಿನ ಮನೆಯವರು ದೂರು ಕೊಡುವ ಮುಂಚೆ.

ಕೊನೆಯದಾಗಿ ಖರೀದಿ. ಪ್ಲೇಸ್ಟೇಷನ್ 5ರ ಆಟಗಳಿಗೆ ಹಳೆಯ ಡ್ಯುಯಲ್‌ಶಾಕ್ 4 ನಡೆಯುವುದಿಲ್ಲ. ಅದೇ ಕನ್ಸೋಲಿನಲ್ಲಿ ಪ್ಲೇಸ್ಟೇಷನ್ 4ರ ಆಟ ಆಡುವಾಗ ಮಾತ್ರ ನಡೆಯುತ್ತದೆ. ಆದ್ದರಿಂದ ಕಡಿಮೆ ಬೆಲೆಯ ಆಸೆಗೆ ಅದನ್ನು ತರಬೇಡಿ. ನೋಡಲು ಡ್ಯುಯಲ್‌ಸೆನ್ಸ್‌ನಂತೆಯೇ ಇರುವ ನಕಲು ಕಂಟ್ರೋಲರುಗಳೂ ಪೇಟೆಯಲ್ಲಿವೆ. ನಾನು ಬಿಚ್ಚಿ ನೋಡಿದ ಅಂಥದೊಂದರಲ್ಲಿ ಹೊರಗಿನ ಕವಚ ಹೊಸ ಕಾಲದ್ದು, ಒಳಗೆ ಅದೇ ಹಳೆಯ ಅರ್ಧಚಂದ್ರದ ಮೋಟರುಗಳು, ಟ್ರಿಗರಿನ ಹಿಂದೆ ಸ್ಪ್ರಿಂಗ್ ಬಿಟ್ಟರೆ ಏನೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಆಡುವವರಿಗೆ ಅಂಥದ್ದು ಸಾಕಾಗಬಹುದು, ಏಕೆಂದರೆ ವಿಂಡೋಸ್‌ನಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಎಕ್ಸ್‌ಇನ್‌ಪುಟ್ ಕ್ರಮದಲ್ಲಿ ಆಟವು ಕಂಟ್ರೋಲರಿಗೆ ಕಳಿಸುವುದೇ ಎರಡು ಅಂಕಿ: ಎಡ ಮೋಟರಿಗೊಂದು, ಬಲ ಮೋಟರಿಗೊಂದು, ಸೊನ್ನೆಯಿಂದ 65,535ರವರೆಗೆ. ನಿಜವಾದ ಡ್ಯುಯಲ್‌ಸೆನ್ಸ್‌ನ ಸೂಕ್ಷ್ಮ ಕಂಪನ ಕಂಪ್ಯೂಟರಿನಲ್ಲಿ ಬೇಕಾದರೆ ಅದಕ್ಕೆ ಬೆಂಬಲವಿರುವ ಆಟ ಬೇಕು, ಸಾಮಾನ್ಯವಾಗಿ ಕೇಬಲ್ಲಿನಿಂದ ಜೋಡಿಸಲೂ ಬೇಕು. ನಿಮ್ಮ ಬಳಕೆಗೆ ಮಾತ್ರ ಅಸಲಿಯನ್ನೇ ಕೊಳ್ಳಿ.

ಗ್ರಾಂಟ್ ರೋಡ್ ಸ್ಟೇಷನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಬಳಸಿದ್ದನ್ನು ಕೊಳ್ಳುವ ಯೋಚನೆಯಿದ್ದರೆ ಅಂಗಡಿಯಲ್ಲೇ ಪರೀಕ್ಷಿಸದೆ ದುಡ್ಡು ಕೊಡಬೇಡಿ. ಮಳೆಗಾಲ ಕಳೆದ ಮೇಲೆ ಕರಾವಳಿಯ ಈ ಊರಿನಲ್ಲಿ ರಿಪೇರಿಗೆ ಬರುವ ಕಂಟ್ರೋಲರುಗಳಲ್ಲಿ ಬೆಸುಗೆಯ ಬಳಿ ಹಸಿರು ಪಾಚಿಯಂತೆ ಕಿಲುಬು ಹಿಡಿದು ತಂತಿ ಬಿಟ್ಟುಕೊಂಡಿರುವುದು ಸಾಮಾನ್ಯ. ಆಗ ಒಂದು ಹಿಡಿಕೆ ನಡುಗುತ್ತದೆ, ಇನ್ನೊಂದು ಸುಮ್ಮನಿರುತ್ತದೆ, ಎರಡನ್ನೂ ಒಟ್ಟಿಗೆ ಹಿಡಿದವರಿಗೆ ಅದು ಕೂಡಲೇ ಗೊತ್ತಾಗುವುದಿಲ್ಲ. ಕಂಟ್ರೋಲರನ್ನು ಲ್ಯಾಪ್‌ಟಾಪಿಗೆ ಕೇಬಲ್ಲಿನಿಂದ ಜೋಡಿಸಿ, ಬ್ರೌಸರಿನಲ್ಲೇ ತೆರೆಯುವ ಯಾವುದಾದರೂ ಗೇಮ್‌ಪ್ಯಾಡ್ ಪರೀಕ್ಷೆಯ ಪುಟದಿಂದ ಕಂಪನ ಕೊಡಿಸಿ, ಒಮ್ಮೆ ಎಡ ಹಿಡಿಕೆಯನ್ನು ಮಾತ್ರ, ಇನ್ನೊಮ್ಮೆ ಬಲ ಹಿಡಿಕೆಯನ್ನು ಮಾತ್ರ ಹಿಡಿದು ನೋಡಿ. ಆಮೇಲೆ ಕಿವಿಯ ಹತ್ತಿರ ತಂದು ಕೇಳಿ. ನಡುಕದ ಗುಂಯ್‌ಗುಡುವಿಕೆಯ ನಡುವೆ ಕಟಕಟ ಸದ್ದು ಬಂದರೆ ಒಳಗೆ ಏನೋ ಸಡಿಲವಾಗಿದೆ ಎಂದರ್ಥ. ಟ್ರಿಗರಿನ ಪ್ರತಿರೋಧ ಈ ಪರೀಕ್ಷೆಯಲ್ಲಿ ತಿಳಿಯುವುದಿಲ್ಲ. ಅಂಗಡಿಯವನ ಬಳಿ ಕನ್ಸೋಲ್ ಇದ್ದರೆ ಆಸ್ಟ್ರೋಸ್ ಪ್ಲೇರೂಮ್ ಹಾಕಿಸಿ ಎರಡೂ ಟ್ರಿಗರ್‌ಗಳನ್ನು ಒತ್ತಿ ನೋಡಿ, ಇಲ್ಲವಾದರೆ ಮನೆಗೆ ತಂದು ನೋಡಿ ಒಪ್ಪದಿದ್ದರೆ ಹಿಂದಿರುಗಿಸುವ ಅವಕಾಶವನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.